ಸುಣ್ಣದ ನೀರಿಗೆ ಹಾಕಿದ ಜೋಳ

ಅನ್ನ ಕಡಿಮೆ ಮಾಡಬೇಕೆಂಬ ಮಾತು ಕೌದಳ್ಳಿಯ ಕೆಂಪನಂಜಪ್ಪನವರ ಮನೆಗೆ ಕೊಳ್ಳೇಗಾಲದ ಡಾಕ್ಟರ ಚೀಟಿಯಲ್ಲಿ ಬಂತು. ಎಡಗಾಲಿನ ಬೆರಳಲ್ಲಿ ಎದ್ದಿದ್ದ ಗಾಯ ಎರಡು ತಿಂಗಳಾದರೂ ಒಣಗಿರಲಿಲ್ಲ. ಮಗ ಉದಯಕುಮಾರ ಬಲವಂತವಾಗಿ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದ. ಹಿಂತಿರುಗಿದ ಕೆಂಪನಂಜಪ್ಪ ಯಾರ ಮುಖವನ್ನೂ ನೋಡದೆ ಜಗಲಿಯ ಮೇಲೆ ಕುಳಿತುಬಿಟ್ಟರು. ಚೀಟಿಯನ್ನು ಉದಯನೇ ಅಡುಗೆಮನೆಗೆ ತಂದು ತಾಯಿಯ ಮುಂದೆ ಓದಿದ.

"ಸಕ್ಕರೆ ಮುನ್ನೂರ ನಲವತ್ತು ಅದೆ ಕಣವ್ವ. ಮಾತ್ರೆ ಬರ್ದವ್ರೆ. ಅನ್ನ ಕಮ್ಮಿ, ಸಿಹಿ ಪೂರ್ತಿ ಬಂದ್, ಮೈದಾ ಮುಟ್ಟಂಗಿಲ್ಲ. ಇಂಗೇ ಬುಟ್ರೆ ಬೆರಳು ತೆಗೀಬೇಕಾಯ್ತದೆ ಅಂದ್ರು."

ಸುವರ್ಣಮ್ಮ ಒಲೆ ಸಣ್ಣ ಮಾಡಿದರು. "ನಾನಿಕ್ಕಿದ್ದ ತಿಂದೇ ಇಂಗಾಯ್ತು ಅಂದ್ರಾ?"

"ಯಾರೂ ಅಂಗನ್ನಲಿಲ್ಲ."

"ಬಾಯ್ಬುಟ್ಟು ಬ್ಯಾರೆ ಅನ್ನಬೇಕಾ."

ಸುವರ್ಣಮ್ಮ ಆ ಮನೆಗೆ ಬಂದು ಮೂವತ್ತಾರು ವರ್ಷ. ಅವರ ಕೈಯಡುಗೆಗೆ ಬೆರಳು ತೋರಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಗಂಡನ ಮಂಡಿಗೆ ಮುಸುಕಿನ ಜೋಳ ತಂದ ರೈತರೂ ಲಾರಿಯವರೂ ಉಂಡು ಕೈ ತೊಳೆಯುವಾಗ ಒಂದು ಮಾತು ಒಳ್ಳೆಯದಾಡಿಯೇ ಹೋಗುತ್ತಿದ್ದರು. ಈಗ ನೋಡಿದರೆ ಮುಖವನ್ನೇ ಕಾಣದ ಡಾಕ್ಟರೊಬ್ಬರು ತಮ್ಮ ಒಲೆಯ ಮೇಲೆ ತೀರ್ಪು ಬರೆದು ಕಳಿಸಿದ್ದಾರೆ ಎಂದು ಅವರಿಗೆ ಅನ್ನಿಸಿತು.

ಮರುದಿನದಿಂದಲೇ ಪಥ್ಯ ಶುರುವಾಯಿತು. ಸುವರ್ಣಮ್ಮನ ಹಿಡಿತವೆಂದರೆ ಉಡದ ಹಿಡಿತ. ಬೆಳಿಗ್ಗೆ ಮೆಂತ್ಯದ ನೀರು, ಮಧ್ಯಾಹ್ನ ಒಂದೇ ಒಂದು ಸಣ್ಣ ಮುದ್ದೆ, ಒಗ್ಗರಣೆಯಿಲ್ಲದ ಸೊಪ್ಪಿನ ಸಾರು. ರಾತ್ರಿಗೆ ಹಾಗಲಕಾಯಿ ಪಲ್ಯ. ಮರುದಿನ ರಾತ್ರಿಗೂ ಹಾಗಲಕಾಯಿ ಪಲ್ಯ.

"ಏನ್ಲಾ ಉದಯ, ನಿಮ್ಮವ್ವ ನನಗೆ ಔಷ್ದಿ ಮಾಡ್ತಾವಳೋ, ಸೇಡು ತೀರಿಸ್ಕತಾವಳೋ?" ಎಂದು ಕೆಂಪನಂಜಪ್ಪ ತಟ್ಟೆ ನೋಡಿಕೊಂಡೇ ಕೇಳುವರು.

"ತಿನ್ನಿ. ಕಾಲಿರ್ತದೆ," ಎನ್ನುವರು ಸುವರ್ಣಮ್ಮ.

"ಇದ ತಿನ್ಕಂಡು ಕಾಲಿದ್ರೂ ಎಲ್ಲಿಗೆ ಓಗ್ಲಿ?"

ಅರ್ಧಕ್ಕೇ ಕೈ ತೊಳೆದು ಎದ್ದು ಹೋಗುವರು. ಮನೆಯಲ್ಲಿ ಇಷ್ಟು ಕಮ್ಮಿ ತಿಂದರೂ ಸಕ್ಕರೆ ಇಳಿಯುತ್ತಿರಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ ನೋಡುವ ಪುಟ್ಟ ಮಿಷನ್ನು ಪ್ರತಿ ಸೋಮವಾರ ಮುನ್ನೂರರ ಆಚೆಯೇ ನಿಲ್ಲುತ್ತಿತ್ತು. ಇದು ಹೇಗೆ ಎಂದು ಸುವರ್ಣಮ್ಮನಿಗೆ ಬಗೆಹರಿಯಲಿಲ್ಲ.

ಸೊಸೆ ಮಾಲಿನಿ ಇದನ್ನೆಲ್ಲ ತರಕಾರಿ ಹೆಚ್ಚುತ್ತಾ ನೋಡುತ್ತಿದ್ದಳು. ಯಳಂದೂರಿನವಳು. ಹೋಟೆಲ್ ಕೆಲಸದ ಡಿಪ್ಲೊಮಾ ಮಾಡಿ, ಮದುವೆಗೆ ಮುಂಚೆ ಮೂರು ವರ್ಷ ಮೈಸೂರಿನ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿದ್ದವಳು. ಮದುವೆಯಾಗಿ ಎರಡು ವರ್ಷವಾದರೂ ಅತ್ತೆ ಅವಳ ಕೈಗೆ ಸೌಟು ಕೊಟ್ಟಿರಲಿಲ್ಲ. ಹೆಚ್ಚುವುದು, ತುರಿಯುವುದು, ರುಬ್ಬುವುದು ಅವಳ ಪಾಲು. ಒಲೆಯ ಮುಂದಿನ ಜಾಗ ಅತ್ತೆಯದು. ಇದಕ್ಕೆ ಜಗಳವೇನೂ ಆಗಿರಲಿಲ್ಲ, ಮೊದಲಿನಿಂದ ಹಾಗೇ ನಡೆದುಕೊಂಡು ಬಂದಿತ್ತು.

ಒಂದು ಭಾನುವಾರ ಸುವರ್ಣಮ್ಮ ಹನೂರಿಗೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿ ಸಂಜೆ ಬಂದರು. ಬಾಗಿಲಲ್ಲೇ ಹುರಿದ ವಾಸನೆ. ಒಳಗೆ ಕೆಂಪನಂಜಪ್ಪ, ಮಗಳು ಪವಿತ್ರ, ಉದಯ ಮೂವರೂ ನೆಲದ ಮೇಲೆ ಕುಳಿತು ಏನನ್ನೋ ಮಡಚಿ ಕಚ್ಚಿ ತಿನ್ನುತ್ತಿದ್ದರು. ಕೆಂಪನಂಜಪ್ಪನವರ ಮೀಸೆಗೆ ಕೆಂಪು ಗೊಜ್ಜು ಮೆತ್ತಿತ್ತು. ಅವರು ನಗುತ್ತಿದ್ದರು. ಅವರು ಊಟದ ಮುಂದೆ ಕುಳಿತು ನಕ್ಕದ್ದನ್ನು ಸುವರ್ಣಮ್ಮ ನೋಡಿ ತಿಂಗಳ ಮೇಲಾಗಿತ್ತು.

"ಬಾ ಸುವರ್ಣ. ಸೊಸೆ ಅದೇನೋ ಮಾಡವಳೆ. ನಾಕು ತಿಂದೆ."

"ಟಾಕೊ ಅಪ್ಪಾಜಿ," ಎಂದಳು ಪವಿತ್ರ. ಕೊಳ್ಳೇಗಾಲದಲ್ಲಿ ಡಿಗ್ರಿ ಓದುವ ಅವಳೇ ಅಲ್ಲಿಂದ ಮೈದಾ ರೊಟ್ಟಿಯ ಪ್ಯಾಕೆಟ್ಟು, ಚೀಸು, ಬಾಟಲಿ ಸಾಸು ಎಲ್ಲ ತಂದು ಅತ್ತಿಗೆಯನ್ನು ಪೀಡಿಸಿ ಮಾಡಿಸಿದ್ದಳು.

ಸುವರ್ಣಮ್ಮ ಒಳಗೆ ಹೋಗಿ ಸೀರೆ ಬದಲಾಯಿಸಿದರು. ಮರುದಿನ ಸೋಮವಾರ. ಮಿಷನ್ನು ಮುನ್ನೂರ ಅರವತ್ತು ತೋರಿಸಿತು. ಅದನ್ನು ತಂದು ಸೊಸೆಯ ಈಳಿಗೆಮಣೆಯ ಪಕ್ಕ ಇಟ್ಟರು.

"ನಿನ್ನ ಹೋಟ್ಲೂಟ ಏನಂತದೆ ನೋಡವ್ವ."

ಮಾಲಿನಿ ನೋಡಿದಳು. "ತಪ್ಪು ನಂದೇ ಅತ್ತೆ. ಅಷ್ಟು ಚೀಸು, ಮೈದಾ ಹಾಕಬಾರದಿತ್ತು. ಆದ್ರೆ ಮಾವನಿಗೆ ರುಚಿ ಹತ್ತಿದ್ದು ಅದರಿಂದಲ್ಲ. ಖಾರ, ಹುಳಿ, ಕಾಳು, ಹಸಿ ಈರುಳ್ಳಿ, ಕೈಯಲ್ಲಿ ಹಿಡ್ಕೊಂಡು ಕಚ್ಚೋದು, ಇದು ಹತ್ತಿದ್ದು. ಪ್ಯಾಕೆಟ್ ಮುಟ್ಟದೆ ಅದನ್ನ ಮನೇಲೇ ಮಾಡಬಹುದು."

"ಬ್ಯಾಡ. ಇನ್ನೊಂದ್ಸಲ ಈ ಮನೇಲಿ ಅದು ಬ್ಯಾಡ."

ಮಾಲಿನಿ ಮತ್ತೆ ಹುರುಳಿಕಾಯಿ ಹೆಚ್ಚತೊಡಗಿದಳು. 

ಗುರುವಾರ ಉದಯ ಲಾರಿಯ ಜೊತೆ ಹನೂರಿಗೆ ಹೋಗಿದ್ದರಿಂದ ಮಧ್ಯಾಹ್ನದ ಕ್ಯಾರಿಯರನ್ನು ಸುವರ್ಣಮ್ಮನೇ ಮಂಡಿಗೆ ಒಯ್ದರು. ಜೋಳದ ಮೂಟೆಗಳ ನಡುವೆ ಗಂಡ ಇರಲಿಲ್ಲ. ತೂಕ ಹಾಕುವ ಶಿವನಂಜಯ್ಯ ನೆಲ ನೋಡುತ್ತಾ, "ಅಣ್ಣಾರು ಟೀ ಕುಡ್ಯಕ್ಕೋದ್ರು ಕಣಕ್ಕ," ಎಂದ. ಆತ ಹೇಳಿದ ರೀತಿಗೇ ಸುವರ್ಣಮ್ಮನಿಗೆ ಅನುಮಾನ ಬಂತು. ಬೆಟ್ಟಕ್ಕೆ ಹೋಗುವ ಬಸ್ಸುಗಳು ನಿಲ್ಲುವ ಕಡೆ ಇರುವ ಹೋಟೆಲಿನ ಒಳಮೂಲೆಯಲ್ಲಿ ಕೆಂಪನಂಜಪ್ಪ ಕೂತಿದ್ದರು. ಮುಂದೆ ಕೇಸರಿಬಾತು, ಎರಡು ಬೋಂಡ, ಲೋಟದ ತುಂಬ ಟೀ.

ಸುವರ್ಣಮ್ಮ ಎದುರಿನ ಬೆಂಚಿನ ಮೇಲೆ ಕುಳಿತು ಕ್ಯಾರಿಯರನ್ನು ಮೇಜಿನ ಮೇಲಿಟ್ಟರು.

"ದಿನಾನೂ?"

ಕೆಂಪನಂಜಪ್ಪ ಸುಳ್ಳಾಡಲಿಲ್ಲ. "ದಿನಾನೂ."

"ನನ್ ಕೈಯೂಟ ಅಷ್ಟು ಬ್ಯಾಡಾಗೋಯ್ತಾ?"

"ನಿನ್ ಕೈಯೂಟ ಎಲ್ಲಿ ಇಕ್ಕಿದ್ದೀಯೆ ಒಂದ್ ತಿಂಗ್ಳಿಂದ?" ಅವರು ಚಮಚವನ್ನು ಕೆಳಗಿಟ್ಟರು. "ಆ ತಟ್ಟೆ ನೋಡ್ದಾಗೆಲ್ಲ ನಾನು ರೋಗಿಷ್ಟ ಅಂತ ಜ್ಞಾಪ್ಕ ಬತ್ತದೆ. ಮೂರೊತ್ತೂ ಅದೇಯ. ಇಲ್ಲಿ ಬಂದು ಕೂತ್ರೆ ಹಸಿವಾದ ಮನ್ಸ ಅಂತಾದ್ರೂ ಅನ್ನಿಸ್ತದೆ."

ಸುವರ್ಣಮ್ಮನಿಗೆ ಬಯ್ಯಲು ಬೇಕಾದಷ್ಟಿತ್ತು. ಆದರೆ ಅವರ ಕಣ್ಣು ಮೇಜಿನ ಕೆಳಗೆ, ಚಪ್ಪಲಿಯ ತುದಿಯಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡಿದ್ದ ಬೆರಳಿನ ಮೇಲೆ ಬಿತ್ತು. ಆ ಬಟ್ಟೆಯನ್ನು ಬೆಳಿಗ್ಗೆ ತಾವೇ ಸುತ್ತಿದ್ದರು. ಅವರು ಎದ್ದು ಕ್ಯಾರಿಯರನ್ನು ತೆಗೆದುಕೊಂಡು ಮನೆಗೆ ನಡೆದರು.

"ಪ್ಯಾಕೆಟ್ ಇಲ್ದೆ ಮಾಡ್ಬೋದು ಅಂದ್ಯಲ್ಲ," ಎಂದರು ಸೊಸೆಗೆ. "ಮಾಡು. ನಾನು ಪಕ್ದಲ್ಲೇ ನಿಂತಿರ್ತೀನಿ."

"ನೋಡೋಕೋ, ಬಯ್ಯೋಕೋ ಅತ್ತೆ?"

"ಎರಡ್ಕೂವೆ."

ಮಾಲಿನಿ ಸೆರಗು ಸಿಕ್ಕಿಸಿಕೊಂಡಳು. ಮೈದಾ ಇಲ್ಲ, ಬಾಟಲಿ ಸಾಸು ಇಲ್ಲ, ಚೀಸು ಇಲ್ಲ, ಎಣ್ಣೆ ಚಮಚದಲ್ಲಿ ಅಳೆದು ಹಾಕುವುದು, ಏನು ಹಾಕಿದರೂ ಅದು ಗಿಡದಿಂದಲೋ ಹಸುವಿನಿಂದಲೋ ನೇರ ಬಂದಿರಬೇಕು ಎಂದು ಶುರುವಿನಲ್ಲೇ ಹೇಳಿದಳು. ತಡಗುಣಿ ಕಾಳು ಬೇಯಿಸಿ ಬೆಳ್ಳುಳ್ಳಿ, ಜೀರಿಗೆಯ ಜೊತೆ ಅರೆಬರೆ ಮಸೆದಳು. ಟೊಮ್ಯಾಟೊ, ಹಸಿಮೆಣಸಿನಕಾಯಿ, ಈರುಳ್ಳಿಯನ್ನು ಕೆಂಡದ ಮೇಲೆ ಕಪ್ಪಾಗುವವರೆಗೆ ಸುಟ್ಟು, ಒರಳಿನಲ್ಲಿ ಜಜ್ಜಿ, ನಿಂಬೆಹಣ್ಣು ಹಿಂಡಿದಳು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತು ಹಾಕಿದಳು.

"ಇದು ನಮ್ಮ ಬದನೆಕಾಯಿ ಗೊಜ್ಜಿನಂಗೇ ಅದೆಯಲ್ಲ," ಎಂದರು ಸುವರ್ಣಮ್ಮ ಸುಟ್ಟ ಟೊಮ್ಯಾಟೊ ನೆಕ್ಕಿ ನೋಡಿ. "ಇದ ಯಾವ ದೇಸದ್ದು ಅಂದೆ?"

"ಟೆಕ್ಸ್-ಮೆಕ್ಸ್ ಅಂತಾರೆ. ಅಮೆರಿಕದ ಟೆಕ್ಸಾಸು, ಗಡಿಯಾಚೆ ಮೆಕ್ಸಿಕೊ, ಎರಡೂ ಕಡೆಯವರ ಊಟ ಸೇರಿಹೋಗಿರೋದು. ನಮ್ಮ ಗಡೀಲಿರೋ ಹೂಗ್ಯದ ಕಡೆ ಕನ್ನಡ ತಮಿಳು ಸೇರ್ಕೊಂಡಿಲ್ವಾ, ಹಾಗೆ."

ಆ ಮಾತು ಸುವರ್ಣಮ್ಮನಿಗೆ ಅರ್ಥವಾಯಿತು. ಆದರೆ ರೊಟ್ಟಿ ಕೈಕೊಟ್ಟಿತು. ಮುಸುಕಿನ ಜೋಳದ ಹಿಟ್ಟನ್ನು ಎಷ್ಟು ಬಿಸಿನೀರಿನಲ್ಲಿ ನಾದಿದರೂ ಮಡಚಿದ ಕೂಡಲೇ ಬಿರುಕು ಬಿಟ್ಟು ಎರಡು ತುಂಡಾಗುತ್ತಿತ್ತು. ಎಂಟು ರೊಟ್ಟಿ ಹಾಳಾದವು.

"ಅಲ್ಲಿ ಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬುತಾರಂತೆ," ಎಂದಳು ಮಾಲಿನಿ ಸೋತ ದನಿಯಲ್ಲಿ. "ಹೋಟ್ಲಲ್ಲಿ ಹಿಟ್ಟು ಪ್ಯಾಕೆಟ್ಟಲ್ಲಿ ಬರ್ತಿತ್ತು. ನಾನು ಯಾವತ್ತೂ ಮಾಡಿಲ್ಲ."

"ಸುಣ್ಣ ಅಂದ್ರೆ ಎಲೆಗೆ ಹಚ್ಚೋ ಸುಣ್ಣನಾ?"

"ಅದೇ ಅತ್ತೆ."

ಸುವರ್ಣಮ್ಮ ಎಲೆಯಡಿಕೆ ಚೀಲ ಬಿಚ್ಚಿದರು. ಪವಿತ್ರ ಫೋನಿನಲ್ಲಿ ಹುಡುಕಿ ಸೇರಿಗೆ ಒಂದು ಚಮಚ ಎಂದಳು. ಸುವರ್ಣಮ್ಮ ತಮ್ಮ ಬೆರಳಿನಲ್ಲಿ ಅಂದಾಜು ಮಾಡಿ, ಕದಡಿ, ತಿಳಿನೀರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದರು. "ಇಷ್ಟು ಸಾಕು. ಇದ್ಕಿಂತ ಮೇಲೋದ್ರೆ ಬಾಯಿ ಬೆಂದೋಯ್ತದೆ." ಸ್ಟೀಲಿನ ಪಾತ್ರೆಯಲ್ಲಿ ಜೋಳ ಅರ್ಧ ಗಂಟೆ ಕುದಿದು, ಮುಚ್ಚಿದ ಹಾಗೇ ಮರುದಿನದವರೆಗೆ ನೆನೆಯಿತು. ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಹಿತ್ತಲ ನಲ್ಲಿಯ ಕೆಳಗೆ ಕೂತು ಕಾಳನ್ನು ಉಜ್ಜಿ ತೊಳೆದರು. ಸಿಪ್ಪೆ ನುಣ್ಣಗೆ ಜಾರಿ ಹೋಗುತ್ತಿತ್ತು. ಗ್ರೈಂಡರಿಗೆ ಹಾಕಿ ಗಟ್ಟಿಯಾಗಿ ರುಬ್ಬಿದಾಗ ಹಿಟ್ಟು ಬೆಣ್ಣೆಯಂತೆ ಉಂಡೆ ಕಟ್ಟಿತು. ಬಾಳೆಯೆಲೆಯ ನಡುವೆ ಒತ್ತಿ ಹೆಂಚಿಗೆ ಹಾಕಿದ ಮೊದಲ ರೊಟ್ಟಿ ಉಬ್ಬಿ ಬಂತು. ಮಾಲಿನಿ ಅದನ್ನು ಮಡಚಿದಳು. ಮುರಿಯಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಕೆಂಪನಂಜಪ್ಪ ಎರಡು ತಿಂದರು, ಮೂರನೆಯದಕ್ಕೆ ಕೈ ಚಾಚಿದರು. ಆಗ ಉದಯ ಬಾಯಿ ತಪ್ಪಿ, "ನಮ್ ಮಂಡಿ ಜೋಳ ಇಷ್ಟು ಚೆನ್ನಾಗಿರ್ತದೆ ಅಂತ ಗೊತ್ತಿರ್ಲಿಲ್ಲ," ಎಂದುಬಿಟ್ಟ.

ಚಾಚಿದ ಕೈ ಹಿಂದೆ ಹೋಯಿತು. "ಮಂಡೀದಾ? ಆ ಜೋಳ ನಾಮಕ್ಕಲ್ಲಿನ ಕೋಳಿ ಫಾರಮ್ಮಿಗೆ ಓಗೋದು. ಮೂವತ್ತು ವರ್ಷ ಕೋಳಿಗಾಕಿದ್ದ ಈಗ ನನಗಾಕ್ತಿದ್ದೀರಾ?"

"ಮಾವ, ರೋಡಲ್ಲಿ ಸುಟ್ಟ ತೆನೆ ತಿಂತೀರಲ್ಲ," ಎಂದಳು ಮಾಲಿನಿ.

"ಅದು ತೆನೆ."

"ಇದು?"

"ಇದು ಮೂಟೆ," ಎಂದು ಅವರು ಎದ್ದರು. ಅದರಾಚೆ ಯಾರ ವಾದವೂ ನಡೆಯಲಿಲ್ಲ. ರಾತ್ರಿ ಮತ್ತೆ ಹಾಗಲಕಾಯಿಯೇ ಬಂತು. ಕೆಂಪನಂಜಪ್ಪ ಹಟಕ್ಕೆ ಅದನ್ನೇ ಪೂರ್ತಿ ತಿಂದರು.

ಆ ಗಂಟು ಬಿಚ್ಚಿದ್ದು ಮಂಡಿಯಲ್ಲಿ. ನಾಲ್ಕು ದಿನದ ಮೇಲೆ ಸುವರ್ಣಮ್ಮ ಕ್ಯಾರಿಯರ್ ಒಯ್ದಾಗ ಹೂಗ್ಯದ ಮಾದು ಜೋಳದ ಮೂಟೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಕಾಡಂಚಿನ ಆ ಊರಿನಿಂದ ವರ್ಷಾ ವರ್ಷಾ ಬರುವ ಹಳೆಯ ಪರಿಚಯದ ರೈತ. ಕೆಂಪನಂಜಪ್ಪ ಅವನ ಮುಂದೆ ಹೆಂಡತಿಯನ್ನು ಕೆಣಕಿದರು.

"ನಮ್ಮನೇಲಿ ಅತ್ತೆ ಸೊಸೆ ಸೇರ್ಕಂಡು ನನ್ನ ಕೋಳಿ ಮಾಡವ್ರೆ ಕಣಯ್ಯ ಮಾದು. ಮಂಡಿ ಜೋಳದಲ್ಲಿ ರೊಟ್ಟಿ ಸುಟ್ಟಿಕ್ತಾವ್ರೆ."

ಮಾದು ನಗಲಿಲ್ಲ. "ಈ ಜೋಳನಾ ಸಾ? ಇದ ನಾವೂ ತಿನ್ನಲ್ಲ. ಇದು ಕಂಪ್ನಿ ಬೀಜ, ಮಾರಕ್ಕೆ. ಹಟ್ಟಿ ಹಿಂದೆ ನಾಟಿ ಮುಸುಕಿನ ಜೋಳ ಹಾಕ್ಕತೀವಿ, ಬೆಳ್ಳಗಿರ್ತದೆ. ನಮ್ಮಜ್ಜಿ ಕಾಲ್ದ ಬೀಜ. ಅದ್ರಲ್ಲಿ ಮುದ್ದೆಯಂಗೆ ಕಳಿ ಕಿಂಡ್ತೀವಿ, ರೊಟ್ಟಿ ತಟ್ತೀವಿ. ತಿಂದ್ರೆ ಸಂಜೆಗಂಟ ಹೊಟ್ಟೆ ತಣ್ಣಗಿರ್ತದೆ."

ಕೆಂಪನಂಜಪ್ಪ ತಕ್ಕಡಿಯ ಪಕ್ಕದಿಂದ ಈಚೆ ಬಂದರು. "ಮೂವತ್ತು ವರ್ಷದಿಂದ ನನ್ ಮಂಡಿಗೆ ಬತ್ತಿದ್ದೀಯೆ. ಒಂದಿನಾನೂ ಏಳಲಿಲ್ವಲ್ಲ."

"ನೀವು ಕೇಳಲಿಲ್ಲ ಸಾ."

ಮುಂದಿನ ವಾರ ಮಾದು ಒಂದು ಚೀಲ ತಂದು ಇಳಿಸಿದ. ಕೆಂಪನಂಜಪ್ಪ ಅದನ್ನು ಶಿವನಂಜಯ್ಯನಿಗೂ ಕೊಡದೆ ತಾವೇ ಕಾರಿನಲ್ಲಿಟ್ಟುಕೊಂಡು ಮನೆಗೆ ಬಂದು, ಅಡುಗೆಮನೆಯ ಹೊಸಿಲಿನ ಮೇಲೆ ಬಾಯಿ ಬಿಚ್ಚಿದರು. ಮುತ್ತಿನ ಬಣ್ಣದ ದಪ್ಪ ಕಾಳು. "ಇದ ಬೇಯ್ಸಿ," ಎಂದರು ಇಬ್ಬರಿಗೂ ಸೇರಿಸಿ. "ಇದು ಕೋಳಿಗಲ್ಲ."

ಅಲ್ಲಿಂದ ಮನೆಯ ಊಟ ಬೇರೆ ದಾರಿ ಹಿಡಿಯಿತು. ವಾರಕ್ಕೆ ನಾಲ್ಕು ಮಧ್ಯಾಹ್ನ ಜೋಳದ ರೊಟ್ಟಿ. ಒಂದು ದಿನ ತಡಗುಣಿ, ಒಂದು ದಿನ ಅವರೆ, ಒಂದು ದಿನ ಹುರಿದ ಕುಂಬಳಕಾಯಿ ಮತ್ತು ದೊಣ್ಣೆಮೆಣಸಿನಕಾಯಿ. ಮಾಲಿನಿಯ ಅಪ್ಪ ಯಳಂದೂರಿನಿಂದ ಬೆಟ್ಟದ ಬೆಣ್ಣೆಹಣ್ಣು ಕಳಿಸಿದರು. ಅದನ್ನು ಉಪ್ಪು, ನಿಂಬೆಹಣ್ಣು, ಕೊತ್ತಂಬರಿ ಹಾಕಿ ಮಸೆದಾಗ ಸುವರ್ಣಮ್ಮ ಮೊದಲು ಮೂಗು ಮುರಿದು, ಆಮೇಲೆ ಬಟ್ಟಲು ಒರೆಸಿದರು. ಸಾಮೆ ಅನ್ನಕ್ಕೆ ಕಾಳು, ಸುಟ್ಟ ಗೊಜ್ಜು, ಗಟ್ಟಿ ಮೊಸರು ಕಲಸಿ ಬಟ್ಟಲಿಗೆ ಹಾಕಿಕೊಟ್ಟರೆ ಪವಿತ್ರ ಅದನ್ನು ಕಾಲೇಜಿಗೂ ಕಟ್ಟಿಕೊಂಡು ಹೋಗುತ್ತಿದ್ದಳು.

ಜಗಳ ನಿಂತಿತೆಂದಲ್ಲ. ಜೀರಿಗೆ ಜಾಸ್ತಿಯಾಯಿತೆಂದು ಅತ್ತೆ, ಉಪ್ಪು ಜಾಸ್ತಿಯಾಯಿತೆಂದು ಸೊಸೆ. ಕೆಂಪನಂಜಪ್ಪನಿಗೆ ಮೂರು ರೊಟ್ಟಿ ಎಂದು ಮಾಲಿನಿ ಗೆರೆ ಎಳೆದರೆ, ದುಡಿಯುವ ಗಂಡಸಿಗೆ ನಾಲ್ಕಾದರೂ ಬೇಡವೇ ಎಂದು ಸುವರ್ಣಮ್ಮ. ಉದಯ ಒಂದು ದಿನ ತಟ್ಟೆ ಮುಂದೆ ಕೂತು ಮುನಿದ.

"ಸಕ್ಕರೆ ಇರೋದು ಅಪ್ಪಾಜಿಗೆ. ನನಗ್ಯಾಕವ್ವ ಈ ಶಿಕ್ಷೆ? ನನಗೆ ಅನ್ನ ಸಾರು ಇಕ್ಕು."

"ಇಕ್ತೀನಿ ಬುಡು. ನಿಮ್ಮಪ್ಪಂಗೂ ನಿನ್ ವಯಸ್ಸಲ್ಲಿ ಇರಲಿಲ್ಲ ಸಕ್ಕರೆ," ಎಂದು ಸುವರ್ಣಮ್ಮ ಅನ್ನ ಬಡಿಸಿದರು. ಉದಯ ಅದನ್ನು ಉಂಡು, ಮೇಲೆ ಎರಡು ರೊಟ್ಟಿಯನ್ನೂ ತಿಂದ.

ಮಾತ್ರೆಯೂ ಊಟವೂ ಸೇರಿ ಸೋಮವಾರದ ಮಿಷನ್ನು ಮೆಲ್ಲಗೆ ಇಳಿಯತೊಡಗಿತು. ಇನ್ನೂರ ಎಂಬತ್ತು, ಇನ್ನೂರ ಮೂವತ್ತು. ಒಂದು ವಾರ ಮತ್ತೆ ಏರಿತು. ಕೆಂಪನಂಜಪ್ಪ ಯಾರೂ ಕೇಳುವ ಮೊದಲೇ, "ಒಂದ್ಸಲ. ಒಂದೇ ಬೋಂಡ," ಎಂದು ಒಪ್ಪಿಕೊಂಡರು. ಮೂರನೆಯ ತಿಂಗಳು ಕೊಳ್ಳೇಗಾಲಕ್ಕೆ ಹೋದಾಗ ನೂರ ಅರವತ್ತಿತ್ತು. ಡಾಕ್ಟರು ಗಾಯದ ಮೇಲಿನ ಹೊಸ ಚರ್ಮವನ್ನು ಒತ್ತಿ ನೋಡಿ, ಬೆರಳಿನ ಚಿಂತೆ ಬಿಡಿ ಎಂದರಂತೆ. ಅಂದು ಸುವರ್ಣಮ್ಮ ಕಾಲಿಗೆ ಸುತ್ತಲು ಇಟ್ಟಿದ್ದ ಬಿಳಿ ಬಟ್ಟೆಯ ಚೂರುಗಳನ್ನೆಲ್ಲ ಒಗೆದು ಒಣಹಾಕಿ, ಒಲೆಕಟ್ಟೆ ಒರೆಸಲು ಇಟ್ಟುಕೊಂಡರು.

ಸುಗ್ಗಿ ಮುಗಿದ ಮೇಲೆ ಅಗರದಿಂದ ಸುವರ್ಣಮ್ಮನ ಅಣ್ಣ ದೇವಣ್ಣ ಮತ್ತು ಅತ್ತಿಗೆ ವಸಂತಮ್ಮ ಬಂದರು. ಗದ್ದೆಯ ಹೊಸ ಅಕ್ಕಿಯ ಮೂಟೆ ತಂಗಿಯ ಮನೆಗೆ ಇಳಿಸುವುದು ದೇವಣ್ಣ ತಪ್ಪದೆ ನಡೆಸಿಕೊಂಡು ಬಂದಿದ್ದ ರೂಢಿ. ಊಟಕ್ಕೆ ಕೂತಾಗ ಅವರಿಬ್ಬರಿಗೆ ಅನ್ನ ಬಂತು. ಕೆಂಪನಂಜಪ್ಪನವರ ತಟ್ಟೆಗೆ ರೊಟ್ಟಿ ಬಂತು.

"ಇದೇನವ್ವ," ಎಂದರು ದೇವಣ್ಣ. "ನಮ್ಮಕ್ಕಿ ಈ ಮನೆಗೆ ಸೇರ್ದೆ ಓಯ್ತಾ?"

ಒಳಗೆ ಹೆಂಚಿನ ಮುಂದೆ ಮಾಲಿನಿಯ ಕೈ ನಿಂತಿತು. ಕೆಂಪನಂಜಪ್ಪ ಹೆಂಡತಿಯ ಮುಖ ನೋಡಿದರು. ಅಣ್ಣನ ಮುಂದೆ ಸುವರ್ಣಮ್ಮ ಯಾವತ್ತೂ ದನಿ ಎತ್ತಿದವರಲ್ಲ. ತವರಿನ ಅಕ್ಕಿಯ ಮಾತು ಬಂದರಂತೂ ಹೆಮ್ಮೆಯಿಂದ ಅವರ ಮುಖವೇ ಬೇರೆಯಾಗುತ್ತಿತ್ತು.

"ನಿನ್ನಕ್ಕಿ ನಾನುಣ್ತೀನಿ ಅಣ್ಣ, ಮಕ್ಕಳುಣ್ತವೆ," ಎಂದರು ನಿಧಾನವಾಗಿ. "ಇವರಿಗೆ ರಾತ್ರಿ ಒಂದ್ ಸೌಟು ಅಷ್ಟೆ. ಬೆರಳು ಕತ್ತರಿಸ್ತೀವಿ ಅಂದಿದ್ರು, ನಿಂಗೆ ಏಳಿರಲಿಲ್ಲ. ನಾ ಮಾಡಿದ್ ಪಥ್ಯ ಕೆಲ್ಸ ಮಾಡ್ಲಿಲ್ಲ. ಸೊಸೆ ಮಾಡಿದ್ದು ಮಾಡ್ತು."

ಸೊಸೆಗೆ ಕೇಳಿಸುವ ಹಾಗೆ ಈ ಮಾತನ್ನು ಅವರು ಹೇಳಿದ್ದು ಅದೇ ಮೊದಲು. ದೇವಣ್ಣ ತಮ್ಮ ತಟ್ಟೆಯನ್ನು ಮುಂದೆ ಸರಿಸಿ, "ಅದೇನೋ ನನಗೂ ಒಂದಿಕ್ಕಿ ನೋಡವ್ವ," ಎಂದರು. ಒಂದು ಮೂರಾಯಿತು. ವಸಂತಮ್ಮ ಸುಣ್ಣದ ಅಳತೆ ಕೇಳಿ ಎರಡು ಸಲ ಬಾಯಿಪಾಠ ಮಾಡಿದರು. ಅವರ ಸಕ್ಕರೆಯೂ ಇನ್ನೂರಿತ್ತು, ಆ ವಿಷಯ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಎಲ್ಲರದೂ ಮುಗಿದ ಮೇಲೆ ಗಂಡಸರು ಎಲೆಯಡಿಕೆಗೆ ಜಗಲಿಗೆ ಹೋದರು. ಸುವರ್ಣಮ್ಮ ಮುರಿದ, ಆರಿದ ರೊಟ್ಟಿಗಳನ್ನು ಒಂದು ತಟ್ಟೆಗೆ ಹಾಕಿಕೊಂಡು ಗೋಡೆಗೊರಗಿ ಕೂತರು. ಮೂವತ್ತಾರು ವರ್ಷದಿಂದ ಅವರ ಊಟದ ಹೊತ್ತು ಅದೇ, ಪಾಲೂ ಅದೇ. ನೀರಿಗೆಂದು ಒಳಗೆ ಬಂದ ಕೆಂಪನಂಜಪ್ಪ ಬಾಗಿಲಲ್ಲಿ ನಿಂತು ನೋಡಿದರು.

"ಅದ ಯಾಕ್ ತಿಂತೀಯೆ? ಬಿಸೀದು ಇಲ್ವಾ?"

"ಇರೋದ ಯಾಕೆ ದಂಡ ಮಾಡೋದು. ಇದೇ ಸಾಕು ಓಗಿ."

ಅವರು ಹೋಗಲಿಲ್ಲ. "ಮಾಲಿನಿ, ಒಂದ್ ಬಿಸಿ ಹಾಕವ್ವ," ಎಂದು ಹೆಂಚಿನ ಪಕ್ಕಕ್ಕೇ ಬಂದು ನಿಂತರು. ರೊಟ್ಟಿ ಉಬ್ಬಿದಾಗ ಬರಿಗೈಯಲ್ಲಿ ಎತ್ತಲು ಹೋಗಿ ಬೆರಳು ಸುಟ್ಟುಕೊಂಡು, ಪಂಚೆಯ ಚುಂಗಿನಲ್ಲಿ ಹಿಡಿದು ತಟ್ಟೆಗೆ ಹಾಕಿದರು. ಆ ಮನೆಯ ಒಲೆಯ ಮುಂದೆ ಅವರು ನಿಂತದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಕಾಳು ತುಂಬಿದರು, ಗೊಜ್ಜು ಸುರಿದರು, ಮೊಸರು ಮೂರು ಚಮಚ ಹಾಕಿದರು, ಈರುಳ್ಳಿಯನ್ನು ಗುಡ್ಡೆ ಮಾಡಿದರು. ಮಾಲಿನಿ ಬಾಯಿಗೆ ಸೆರಗು ಒತ್ತಿಕೊಂಡಳು.

"ತಗೊ," ಎಂದು ತಟ್ಟೆಯನ್ನು ಹೆಂಡತಿಯ ಮುಂದಿಟ್ಟರು.

ಸುವರ್ಣಮ್ಮ ಎತ್ತಿದ ಕೂಡಲೇ ಎರಡೂ ಕಡೆಯಿಂದ ಎಲ್ಲ ಸೋರಿ ಮೊಣಕೈವರೆಗೆ ಇಳಿಯಿತು. ಅವರು ಬಗ್ಗಿ, ಬಿಸಿಯಿರುವಾಗಲೇ ಕಚ್ಚಿದರು. ಕೆಂಪನಂಜಪ್ಪ ಅವರೆದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅಗಿಯುವುದನ್ನೇ ಕಾಯುತ್ತಿದ್ದರು.

"ಉಪ್ಪು ಸರಿಯಾಗಿ ಅದಾ?"

ಮೊಸರಿಗೂ ಈರುಳ್ಳಿಗೂ ಉಪ್ಪು ಉದುರಿಸಲು ಅವರು ಮರೆತೇಬಿಟ್ಟಿದ್ದರು. ಸುವರ್ಣಮ್ಮ ಮೊಣಕೈ ಒರೆಸಿಕೊಂಡು ಇನ್ನೊಂದು ತುತ್ತು ಕಚ್ಚಿದರು.

"ಸರಿಯಾಗೇ ಅದೆ," ಎಂದರು. "ಇನ್ನೊಂದು ಹಾಕಿ."